ಹೊಸ ಬೋರ್ಡಿನ ಹಳೇ ಸ್ಟೇಷನ್ನು

ನಗರದ ರೈಲಿಗೆ ಹೊಸ ಹೆಸರಿಟ್ಟಾಗ ಸ್ಟೇಷನ್ನಿನಲ್ಲಿ ಮೊದಲು ಬದಲಾಗುವುದು ಬೋರ್ಡು. ಎಲ್ಲಕ್ಕಿಂತ ಕೊನೆಗೆ, ಅದೂ ಅದೃಷ್ಟವಿದ್ದರೆ, ಶೌಚಾಲಯದ ಬಾಗಿಲಿನ ಬೀಗ ತೆಗೆಯುತ್ತಾರೆ. ಹೆಸರಿಟ್ಟವರು ಫೋಟೋ ತೆಗೆಸಿಕೊಳ್ಳುವುದು ಬೋರ್ಡಿನ ಮುಂದೆ. ಪ್ರಯಾಣಿಕರಿಗೆ ಬೇಕಾಗಿರುವುದು ಬೀಗದ ಸಮಾಚಾರ.

ಹಾಗೆಂದು ಬೋರ್ಡು ಬದಲಿಸುವುದೇನು ಸುಲಭದ ಕೆಲಸವಲ್ಲ. ಅಗ್ಗದ ದಾರಿಯೆಂದರೆ ಹಳೆಯ ಫಲಕದ ಮೇಲೆಯೇ ವಿನೈಲ್ ಹಾಳೆ ಅಂಟಿಸುವುದು. ಬ್ರೇಕು ಹಾಕಿದಾಗ ಏಳುವ ಕಬ್ಬಿಣದ ಧೂಳು, ಜಿಡ್ಡು ಎಲ್ಲ ಫಲಕಕ್ಕೆ ಮೆತ್ತಿಕೊಂಡಿರುತ್ತದೆ. ಅದನ್ನು ಚೆನ್ನಾಗಿ ಒರೆಸಿ ಒಣಗಿಸದಿದ್ದರೆ ಹಾಳೆಯ ಅಂಚು ಮೇಲೇಳುತ್ತದೆ. ಕೊರೆಯುವ ಚಳಿಯಲ್ಲಿ ಅಂಟಿಸಿದರೂ ಅದೇ ಗತಿ. ಕೊನೆಯ ರೈಲು ಹೋಗಿ ಮೊದಲ ರೈಲು ಬರುವುದರೊಳಗಿನ ಮೂರು-ನಾಲ್ಕು ಗಂಟೆಯಲ್ಲೇ ಕೆಲಸ ಮುಗಿಯಬೇಕಾದ್ದರಿಂದ ಒರೆಸುವವರಿಗೂ ಅವಸರ, ಅಂಟಿಸುವವರಿಗೂ ಅವಸರ. ಎದ್ದ ಅಂಚನ್ನು ಕಂಡೂ ಉಗುರು ಹಾಕದೆ ಸುಮ್ಮನಿರುವ ಮನುಷ್ಯ ಇನ್ನೂ ಹುಟ್ಟಿಲ್ಲ. ಕೆಲವೇ ತಿಂಗಳಲ್ಲಿ ಹೊಸ ಹೆಸರಿನ ಕೆಳಗಿನಿಂದ ಹಳೆಯದು ಇಣುಕುತ್ತದೆ.

ಬಣ್ಣಕ್ಕೂ ಒಂದು ಕ್ರಮವಿದೆ. ಮೊದಲು ಚಾವಣಿಯ ಮಳೆನೀರಿನ ಪೈಪಿನಲ್ಲಿ ಕಟ್ಟಿಕೊಂಡ ಕಸ ತೆಗೆಯಬೇಕು, ಇಲ್ಲವಾದರೆ ನೀರೆಲ್ಲ ಗೋಡೆಗೇ ಇಳಿಯುತ್ತದೆ. ಆಮೇಲೆ ಗೋಡೆ ಒಣಗಲು ಬಿಡಬೇಕು, ಕಂಬಗಳ ತುಕ್ಕು ಕೆರೆದು ಪ್ರೈಮರ್ ಹಚ್ಚಬೇಕು. ಬಣ್ಣದ ಸರದಿ ಕಟ್ಟಕಡೆಗೆ. ಆದರೆ ಉದ್ಘಾಟನೆಯ ತಾರೀಕು ಎಲ್ಲಕ್ಕಿಂತ ಮುಂಚೆ ಗೊತ್ತಾಗಿರುತ್ತದಲ್ಲ! ಮದುವೆಮನೆಗೆ ಅವಸರದಲ್ಲಿ ಸುಣ್ಣ ಬಳಿದ ಹಾಗೆ, ದಿಬ್ಬಣ ಹೊರಡುವ ತನಕ ಎಲ್ಲವೂ ಚೆಂದ. ಒಂದು ಮಳೆಗಾಲ ಕಳೆದರೆ ಬಣ್ಣ ಗುಳ್ಳೆ ಎದ್ದು ಹಕ್ಕಳೆಯಾಗಿ ಉದುರುತ್ತದೆ.

ಹೆಸರು ಬದಲಾಗಿ ಸ್ಟೇಷನ್ನು ನಿಜವಾಗಿಯೂ ಸುಧಾರಿಸಿದ್ದೇ ಇಲ್ಲವೇ ಎಂದರೆ, ಉಂಟು. ಲಂಡನ್ನಿನಲ್ಲಿ ಸಿಲ್ವರ್‌ಲಿಂಕ್ ಮೆಟ್ರೋ ಎಂಬ ಹೆಸರಿನಲ್ಲಿ ಓಡುತ್ತಿದ್ದ ರೈಲುಗಳನ್ನು 2007ರ ನವೆಂಬರ್ 11ರಂದು ನಗರದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ತನ್ನ ಕೈಗೆ ತೆಗೆದುಕೊಂಡು, ಓವರ್‌ಗ್ರೌಂಡ್ ಎಂದು ಹೆಸರಿಟ್ಟು ಕಿತ್ತಳೆ ಬಣ್ಣ ಕೊಟ್ಟಿತು. ಜನರ ಕಣ್ಣಿಗೆ ಬಿದ್ದದ್ದು ಕಿತ್ತಳೆ. ಕೆಲಸ ಮಾಡಿದ್ದು ರೈಲು ಓಡಿಸುವ ಕಂಪನಿಯೊಂದಿಗಿನ ಹೊಸ ಕರಾರು. ಟಿಕೆಟಿನ ಆದಾಯವನ್ನೇ ನಂಬಿದ ಕಂಪನಿಗೆ ರಾತ್ರಿ ಹನ್ನೊಂದು ಗಂಟೆಗೆ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಸಿಬ್ಬಂದಿಯನ್ನು ನಿಲ್ಲಿಸುವುದು ಶುದ್ಧ ದಂಡ. ಹೊಸ ಕರಾರಿನಲ್ಲಿ ಟಿಕೆಟಿನ ಹಣ ಬಹುಪಾಲು ನಗರದ ಸಂಸ್ಥೆಗೆ, ಕಂಪನಿಗೆ ರೈಲು ಓಡಿಸಿದ್ದಕ್ಕೆ ಗೊತ್ತುಮಾಡಿದ ಹಣ. ರೈಲು ಓಡುವಷ್ಟು ಹೊತ್ತೂ ಪ್ರತಿ ಸ್ಟೇಷನ್ನಿನಲ್ಲಿ ಸಿಬ್ಬಂದಿ ಇರಬೇಕೆಂಬ ಷರತ್ತೂ ಬಂತು. ಮೊದಲ ದಿನದಿಂದಲೇ, ನಗರದ ಬಸ್ಸು-ರೈಲುಗಳಲ್ಲಿ ಟಿಕೆಟಿನ ಬದಲು ಬಳಸುವ ಆಯ್‌ಸ್ಟರ್ ಕಾರ್ಡು ನಡೆಯಿತು. ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಒಂಟಿಯಾಗಿ ಕಾಯುವವರಿಗೆ ದೂರದಲ್ಲಿ ಕಾಣುವ ಒಬ್ಬ ಸಿಬ್ಬಂದಿ ನೂರು ಬೋರ್ಡಿಗೆ ಸಮ.

ಅದೇ ಓವರ್‌ಗ್ರೌಂಡಿನ ಇನ್ನೊಂದು ಮುಖ ನೋಡಬೇಕೆಂದರೆ ಗಾಸ್ಪೆಲ್ ಓಕ್‌ನಿಂದ ಬಾರ್ಕಿಂಗ್‌ಗೆ ಹೋಗುವ ಮಾರ್ಗಕ್ಕೆ ಬರಬೇಕು. ಕಿತ್ತಳೆ ಬಣ್ಣ ಅಲ್ಲಿಗೂ 2007ರಲ್ಲೇ ಬಂತು, ಸಿಬ್ಬಂದಿಯೂ ಬಂದರು. ರೈಲು ಮಾತ್ರ ಎರಡೇ ಬೋಗಿಯ ಡೀಸೆಲ್ಲು. ಸ್ಟೇಷನ್ನು ಚೊಕ್ಕಟವಾದಂತೆ ಜನ ಹೆಚ್ಚಿದರು. ಜನ ಹೆಚ್ಚಿದಂತೆ ಬೋಗಿಯೊಳಗೆ ಕಾಲಿಡಲು ಜಾಗವಿಲ್ಲದಾಯಿತು. ವಿದ್ಯುತ್ ತಂತಿ ಎಳೆಯಲು 2016ರಲ್ಲಿ ಮಾರ್ಗವನ್ನೇ ತಿಂಗಳುಗಟ್ಟಲೆ ಮುಚ್ಚಿದರು. ಕಂಬಗಳ ವಿನ್ಯಾಸ ತಪ್ಪಿ, ಕೆಲವನ್ನು ಗೊತ್ತುಮಾಡಿದ ಜಾಗದಲ್ಲಿ ನೆಡಲಾಗದೆ ಮತ್ತೊಮ್ಮೆ ಮುಚ್ಚಬೇಕಾಯಿತು. ತಂತಿ ಸಿದ್ಧವಾದರೆ ಹೊಸ ರೈಲಿನ ಸಾಫ್ಟ್‌ವೇರ್ ಸಿದ್ಧವಿಲ್ಲ. ಕೊನೆಗೂ ನಾಲ್ಕು ಬೋಗಿಯ ವಿದ್ಯುತ್ ರೈಲು ಬಂದದ್ದು 2019ರ ಮೇ ತಿಂಗಳಲ್ಲಿ. ಕಾದವರ ಸಮಾಧಾನಕ್ಕೆ ಒಂದು ತಿಂಗಳು ಪ್ರಯಾಣ ಉಚಿತ! ಬೋರ್ಡು ಬಂದು ಬೋಗಿ ಬರುವುದರೊಳಗೆ ಹನ್ನೊಂದು ವರ್ಷ ದಾಟಿತ್ತು.

ಇಂಥ ತಡಕ್ಕೆ ಒಡೆತನವೂ ಒಂದು ಕಾರಣ. ಓವರ್‌ಗ್ರೌಂಡಿನ ಬಹುಪಾಲು ಹಳಿ, ತಂತಿ, ಸ್ಟೇಷನ್ ಕಟ್ಟಡ ಸರ್ಕಾರಿ ಸಂಸ್ಥೆಯಾದ ನೆಟ್‌ವರ್ಕ್ ರೈಲ್‌ಗೆ ಸೇರಿದ್ದು; ರೈಲು ಓಡಿಸುವ ಕಂಪನಿ ಅಲ್ಲಿ ಬಾಡಿಗೆದಾರ. ಬಾಡಿಗೆದಾರ ಗೋಡೆ ತೊಳೆಯಬಹುದು, ದೀಪ ಬದಲಿಸಬಹುದು. ಚಾವಣಿ, ಸೇತುವೆ, ಪ್ಲಾಟ್‌ಫಾರ್ಮಿನ ಉದ್ದ ಎಂದ ಕೂಡಲೇ ಮಾಲೀಕನ ಮನೆ ಬಾಗಿಲು ತಟ್ಟಬೇಕು. ಹೊಸ ಹೆಸರಿನಿಂದ ಪ್ರಯಾಣಿಕರಿಗೆ ಕಡೇಪಕ್ಷ ಬೈಯಲು ಒಂದೇ ವಿಳಾಸವಾದರೂ ಸಿಗುತ್ತದೆ. ಇದು ಸಣ್ಣ ಲಾಭವೇನಲ್ಲ.

ಹೆಸರೇ ಸ್ವತಃ ಕೆಲಸ ಮಾಡುವ ಒಂದು ಸಂದರ್ಭವೂ ಇದೆ. ವಿಸ್ತರಿಸುತ್ತ ಹೋದ ಓವರ್‌ಗ್ರೌಂಡ್ ನಕ್ಷೆಯಲ್ಲಿ ಕಿತ್ತಳೆ ಬಣ್ಣದ ಒಂದು ಸಿಕ್ಕಾಗಿತ್ತು. ಹೈಬರಿ ಅಂಡ್ ಇಸ್ಲಿಂಗ್ಟನ್ ಸ್ಟೇಷನ್ನಿನಲ್ಲಿ ಎರಡು ಬೇರೆ ಬೇರೆ ಮಾರ್ಗಗಳಿಗೆ ಒಂದೇ ಹೆಸರು, ಒಂದೇ ಬಣ್ಣ. ಎಲ್ಲೋ ಸಿಗ್ನಲ್ ಕೆಟ್ಟು ‘ಓವರ್‌ಗ್ರೌಂಡ್ ತಡ’ ಎಂದು ಕೂಗಿದರೆ ಯಾವುದು ತಡ? 2024ರ ನವೆಂಬರಿನಿಂದ ಆರು ಮಾರ್ಗಗಳಿಗೂ ಬೇರೆ ಹೆಸರು, ಬೇರೆ ಬಣ್ಣದ ಜೋಡಿಗೆರೆ: ಲಯನೆಸ್, ಮಿಲ್ಡ್‌ಮೇ, ವಿಂಡ್‌ರಷ್, ವೀವರ್, ಸಫ್ರಜೆಟ್, ಲಿಬರ್ಟಿ. ಈಗ ಹೈಬರಿಯಲ್ಲಿ ನೀಲಿಯದು ಮಿಲ್ಡ್‌ಮೇ, ಕೆಂಪಿನದು ವಿಂಡ್‌ರಷ್. ನೀಲಿ ಕೆಟ್ಟರೆ ಕೆಂಪು ಹತ್ತುವವರು ಗಾಬರಿಯಾಗಬೇಕಿಲ್ಲ.

ಫಲಕ, ನಕ್ಷೆ, ಧ್ವನಿಮುದ್ರಣ ಎಲ್ಲ ಸೇರಿ ಇದರ ಅಂದಾಜು ವೆಚ್ಚ 63 ಲಕ್ಷ ಪೌಂಡು. ಆ ದುಡ್ಡಿಗೆ ಲಿಫ್ಟ್ ಹಾಕಿಸಬಹುದಿತ್ತಲ್ಲ ಎನ್ನಬಹುದು. ಹಳೆಯ ಸ್ಟೇಷನ್ನಿಗೆ ಲಿಫ್ಟ್ ಎಂದರೆ ಹೊಸ ಕಾಲುಸೇತುವೆ, ಅಡಿಪಾಯ, ಬೇರೆ ವಿದ್ಯುತ್ ಸಂಪರ್ಕ. ಒಂದೋ ಎರಡೋ ಸ್ಟೇಷನ್ನಿಗೇ ಹಣ ಮುಗಿಯುತ್ತದೆ. ಹಾಕಿಸಿದ ಮೇಲೂ ಎಷ್ಟೋ ಕಡೆ ಪ್ಲಾಟ್‌ಫಾರ್ಮಿಗೂ ಬೋಗಿಗೂ ನಡುವಿನ ಮೆಟ್ಟಿಲು ಹಾಗೇ ಉಳಿಯುತ್ತದೆ. ಗಾಲಿಕುರ್ಚಿಯಲ್ಲಿ ಬಂದವರಿಗೆ ಅಲ್ಲಿ ಇಳಿಜಾರು ಹಲಗೆ ಹಾಸಲು ಒಬ್ಬರು ಬೇಕು, ಇಳಿಯುವ ಸ್ಟೇಷನ್ನಿನಲ್ಲಿ ಹಲಗೆ ಹಿಡಿದು ಕಾಯಲು ಇನ್ನೊಬ್ಬರು.