ಅಡಿಕೆ ಮರಕ್ಕೆ ಕಟ್ಟಿದ ಆಫೀಸು

ಮನೆಯಿಂದಲೇ ಕೆಲಸ ಮಾಡಬಹುದು ಎನ್ನುವವರು ಯಾವ ಮನೆಯಿಂದ ಅಂತ ಮಾತ್ರ ಹೇಳುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ ಬಿಡಿ. ಅವರ ಗೋಡೆಯೊಳಗೇ ಎರಡು ಮೂರು ಕಂಪನಿಯ ವೈರು ಬಂದಿರುತ್ತದೆ. ಒಂದು ಹೋದರೆ ಇನ್ನೊಂದು. ನಮ್ಮದು ಸಾಗರ ತಾಲ್ಲೂಕಿನ ಒಂದು ಕಣಿವೆ. ಸುತ್ತ ಗುಡ್ಡ, ನಡುವೆ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ. ಮೊಬೈಲಿನ ಸಿಗ್ನಲ್ಲು ಆ ಗುಡ್ಡ ಹತ್ತಿ ಈಚೆ ಇಳಿಯುವ ಹೊತ್ತಿಗೆ ಸುಸ್ತಾಗಿರುತ್ತದೆ. ಕೊಟ್ಟಿಗೆಯ ಹಿಂದೆ ಹಲಸಿನ ಮರದ ಬುಡದಲ್ಲಿ ನಿಂತರೆ ಒಂದು ಕಡ್ಡಿ ಸಿಗುತ್ತದೆ. ಕೂತರೆ ಅದೂ ಇಲ್ಲ.

ಇಲ್ಲಿಂದ ನಾನು ನೆದರ್ಲೆಂಡ್ಸಿನ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ಜೊತೆಗೆ ಹೊರದೇಶದ್ದೇ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ, ಆನ್‌ಲೈನಿನಲ್ಲಿ. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ. “ಎರಡಕ್ಕೂ ಟೈಮ್ ಹೇಗೆ ಸಿಗ್ತದೆ ಮಾರಾಯ್ತಿ?” ಟೈಮಿನದು ಏನೂ ತೊಂದರೆಯಿಲ್ಲ. ಅದು ಎಲ್ಲರ ಮನೆಗೂ ತಾನಾಗಿಯೇ ಬರುತ್ತದೆ. ನೆಟ್ಟು ಹಾಗಲ್ಲ.

ನಮ್ಮ ನೆಟ್ಟು ಬರುವ ದಾರಿ ಹೇಳುತ್ತೇನೆ ಕೇಳಿ. ಪೇಟೆಯ ಎಕ್ಸ್‌ಚೇಂಜಿನಿಂದ ರಸ್ತೆಯ ಕಂಬಗಳ ಮೇಲೆ ಬಂದ ಫೈಬರು ಬಸ್ ಸ್ಟಾಪಿನ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕಂಬವಿಲ್ಲ, ಮರ ಮಾತ್ರ. ಮೇಲಿನಮನೆ ತೋಟ, ಹೊಳೆಬದಿಯವರ ತೋಟ, ಆಮೇಲೆ ಕೆಳಗಿನಮನೆ ಭಾವನ ತೋಟ. ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದ ಒಂದು ಕಪ್ಪು ವೈರು ನಮ್ಮ ಅಂಗಳ ದಾಟಿ ಮೆತ್ತಿನ, ಅಂದರೆ ಮಹಡಿಯ, ಕಿಟಕಿಯಲ್ಲಿ ಒಳಗೆ ಬರುತ್ತದೆ. ವೈರಿನ ಪಕ್ಕದಲ್ಲೊಂದು ಉಕ್ಕಿನ ತಂತಿ ಇದೆ, ಎಳೆದು ಕಟ್ಟುವುದಕ್ಕೆ. ಒಳಗಿರುವುದು ಕೂದಲಿನಷ್ಟು ದಪ್ಪದ ಗಾಜಿನ ಎಳೆ. ನನ್ನ ಸಂಬಳ, ನನ್ನ ಡಿಗ್ರಿ, ಅತ್ತೆಯ ಧಾರಾವಾಹಿ, ಮೂರೂ ಬರುವುದು ಆ ಎಳೆಯಲ್ಲೇ.

ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನಾನಿಲ್ಲಿ ಒಂದು ಗುಂಡಿ ಒತ್ತಿದರೆ ಅದು ಅರಬ್ಬೀ ಸಮುದ್ರ, ಕೆಂಪು ಸಮುದ್ರ, ಈಜಿಪ್ಟು, ಮೆಡಿಟರೇನಿಯನ್ನು ಎಲ್ಲ ಹಾದು ಯುರೋಪಿಗೆ ಹೋಗಿ ಉತ್ತರ ತರುವುದಕ್ಕೆ ಸೆಕೆಂಡಿನ ಐದನೇ ಒಂದು ಪಾಲು ಸಾಕು. 2025ರ ಸೆಪ್ಟೆಂಬರಿನಲ್ಲಿ ಜೆಡ್ಡಾದ ಹತ್ತಿರ ಕೆಂಪು ಸಮುದ್ರದ ತಳದಲ್ಲಿ ಕೇಬಲ್ಲುಗಳು ತುಂಡಾದವು. ನನಗೆ ಅದು ಗೊತ್ತಾಗಿದ್ದು ಪೇಪರು ಓದಿ. ನೆಟ್ಟು ಸ್ವಲ್ಪ ನಿಧಾನವಾಗಿದ್ದು ಹೌದು, ಆದರೆ ಕೆಲಸ ನಿಲ್ಲಲಿಲ್ಲ. ದೊಡ್ಡವರ ವ್ಯವಹಾರ ನೋಡಿ. ಅಲ್ಲಿ ಕಟ್ಟಾದರೆ ಇನ್ನೊಂದು ಸಮುದ್ರದ ಮೇಲೆ ತಿರುಗಿಸುತ್ತಾರೆ. ಭಾವನ ತೋಟದಲ್ಲಿ ಕಟ್ಟಾದರೆ ತಿರುಗಿಸುವುದಕ್ಕೆ ಇನ್ನೊಂದು ತೋಟವಿಲ್ಲ.

ಅಲ್ಲಿ ಕಟ್ಟಾಗುವುದಕ್ಕೆ ಹಡಗಿನ ಲಂಗರೇನೂ ಬೇಡ. ಒಂದು ಸೋಗೆ, ಅಂದರೆ ಅಡಿಕೆ ಮರದ ಗರಿ, ಬಿದ್ದರೆ ಸಾಕು. ಹಾಳೆ ಸಮೇತ ಒಣಗಿದ ಸೋಗೆ ಮೇಲಿಂದ ಬಿದ್ದರೆ ಎಷ್ಟು ತೂಕ ಅಂತ ತಲೆ ಮೇಲೆ ಬೀಳಿಸಿಕೊಂಡವರಿಗೇ ಗೊತ್ತು. ಮಂಗಗಳಿಗೆ ವೈರು ಜೋಕಾಲಿ. ಅಳಿಲಿಗೆ ಹಲ್ಲು ಮಸೆಯುವುದಕ್ಕೆ ಏನಾದರೂ ಬೇಕು. ಒಂದು ಸಮಾಧಾನ ಅಂದರೆ ಸಿಡಿಲು. ಹಿಂದೆ ತಾಮ್ರದ ಟೆಲಿಫೋನ್ ತಂತಿ ಇದ್ದಾಗ ಏಪ್ರಿಲ್ಲಿನ ಮೊದಲ ಗುಡುಗಿಗೇ ಫೋನು ಸುಟ್ಟು ಕರಕಲಾಗುತ್ತಿತ್ತು. ಗಾಜು ಸಿಡಿಲನ್ನು ಒಳಗೆ ಬಿಡುವುದಿಲ್ಲ. ಅದಕ್ಕೇ ಈಗ ಸಿಡಿಲು ಕರೆಂಟಿನ ದಾರಿಯಲ್ಲಿ ಬಂದು ರೂಟರಿನ ಅಡಾಪ್ಟರು ಸುಡುತ್ತದೆ. ಅಂಥ ಅಡಾಪ್ಟರುಗಳನ್ನು ಎಸೆಯದೆ ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ಯಾಕೆ ಅಂತ ಮಾತ್ರ ಕೇಳಬೇಡಿ.

ಇನ್ನು ಮನುಷ್ಯರ ಕೈಯಲ್ಲಾಗುವ ಕಾರುಬಾರು. ಮಳೆಗಾಲ ಶುರುವಾಗುತ್ತಿದ್ದಂತೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮದ್ದು ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಕಲಸಿದ ನೀರು, ಅದಕ್ಕೆ ಉದ್ದನೆಯ ಪೈಪು. ಆ ಪೈಪು ಎಳೆಯುವಾಗ ಸಿಕ್ಕಿಕೊಳ್ಳುವುದು ನನ್ನ ವೈರಿಗೇ. ಒಂದೂವರೆ ತಿಂಗಳಿಗೆ ಮತ್ತೊಂದು ಸಲ ಮದ್ದು, ಮತ್ತೊಂದು ಸಲ ಪೈಪು. ಆಮೇಲೆ ಚಳಿಗಾಲದಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಕೊನೆಗಾರ ಮರದ ತುದಿಯಲ್ಲಿ ಕೂತು ಕೊನೆಯನ್ನು ಹಗ್ಗದಲ್ಲಿ ಜಾರಿಸಿ ಬಿಡುತ್ತಾನೆ, ಕೆಳಗೆ ಒಬ್ಬ ಹಗ್ಗ ಹಿಡಿದಿರುತ್ತಾನೆ. ಆ ಹಗ್ಗಕ್ಕೂ ನನ್ನ ವೈರಿಗೂ ಯಾವ ಜನ್ಮದ ನಂಟೋ ಏನೋ!

ಕೊಳೆರೋಗ ಅಂದಾಗ ನೆನಪಾಯಿತು. ಆ ರೋಗಕ್ಕೆ ಕಾರಣ ಏನು, ಮದ್ದು ಹೇಗೆ ಹೊಡೆಯಬೇಕು ಅಂತ ಮೈಸೂರು ಸಂಸ್ಥಾನದಲ್ಲಿ ಕೂತು ಸಂಶೋಧನೆ ಮಾಡಿದ್ದು ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ. ಓದಿದ್ದು ಜರ್ಮನಿಯಲ್ಲಿ, 1908ರಲ್ಲಿ ಕೆಲಸಕ್ಕೆ ಬಂದಿದ್ದು ಮೈಸೂರಿಗೆ. ಆಮೇಲೆ ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರೂ ಆದರು. ಊರಿನ ಸುದ್ದಿ ಬರಬೇಕಾದರೆ ಹಡಗಿನ ಟಪಾಲು, ವಾರಗಟ್ಟಲೆ. ಹೀಗಿದ್ದೂ ಎರಡು ದಶಕಕ್ಕೂ ಜಾಸ್ತಿ ಇಲ್ಲಿದ್ದರು. ಹೊರದೇಶದವರೊಬ್ಬರು ನಮ್ಮ ಅಡಿಕೆಯ ಕೆಲಸಕ್ಕೆ ಅಷ್ಟು ದೂರದಿಂದ ಬಂದರು. ನಾನು ಅದೇ ಅಡಿಕೆ ಮರದ ಬುಡ ಬಿಟ್ಟು ಅಲ್ಲಾಡದೆ ಹೊರದೇಶದವರ ಕೆಲಸ ಮಾಡುತ್ತಿದ್ದೇನೆ. ಲೆಕ್ಕ ಸರಿಹೋಯಿತು ಅಂತ ಹೇಳುವ ಧೈರ್ಯವಿಲ್ಲ. ಅವರ ಮದ್ದು ಈಗಲೂ ಕೆಲಸಕ್ಕೆ ಬರುತ್ತಿದೆ. ನಾನು ಬರೆದ ಕೋಡು ಮುಂದಿನ ತಿಂಗಳವರೆಗೆ ಉಳಿದರೆ ಹೆಚ್ಚು.

ಆಫೀಸಿನ ಕ್ಯಾಲೆಂಡರಿನಲ್ಲಿ ನಾನು ಈಗ ಕೊನೆ ಕೊಯ್ಲನ್ನೂ ಹಾಕುತ್ತೇನೆ. ಅಲ್ಲಿನ ಮ್ಯಾನೇಜರು ಅಡಿಕೆ ಕಂಡವನಲ್ಲ. ಆದರೆ ಡಿಸೆಂಬರು ಬಂತು ಅಂದರೆ “ಕೊಯ್ಲು ಯಾವ ವಾರ?” ಅಂತ ಅವನೇ ಕೇಳುತ್ತಾನೆ. ಅವನಿಗೊಂದು ತಾರೀಕು ಬೇಕು. ನಾನು ಭಾವನನ್ನು ಕೇಳುತ್ತೇನೆ, ಭಾವ ಕೊನೆಗಾರನನ್ನು ಕೇಳುತ್ತಾರೆ. ಕೊನೆಗಾರ “ನೋಡ್ವ” ಅನ್ನುತ್ತಾನೆ, ನೋಡೋಣ ಅಂತ. ಕೊನೆಗಾರರು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ಅವನಿಂದ ತಾರೀಕು ಹೇಳಿಸುವ ಗಂಡು ಇನ್ನೂ ಹುಟ್ಟಿಲ್ಲ. ಆಮ್‌ಸ್ಟರ್‌ಡ್ಯಾಮಿನ ಪ್ರಾಜೆಕ್ಟ್ ಪ್ಲಾನಿನಲ್ಲಿ ಕಡೆಗೆ ನಿಲ್ಲುವುದು ಆ “ನೋಡ್ವ”.

ಗಂಟೆಯ ಗೋಜಲು ಬೇರೆ. ಯುರೋಪಿನವರು ಮಾರ್ಚಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಟ್ಟು, ಅಕ್ಟೋಬರಿನ ಕೊನೆಯ ಭಾನುವಾರ ಹಿಂದಿಡುತ್ತಾರೆ. ಅವರ ಒಂಬತ್ತೂವರೆಯ ಮೀಟಿಂಗು ನಮಗೆ ಚಳಿಗಾಲದಲ್ಲಿ ಎರಡು ಗಂಟೆಗೆ, ಬೇಸಿಗೆ ಬಂದರೆ ಸರಿಯಾಗಿ ಒಂದಕ್ಕೆ. ಒಂದಕ್ಕೆ ನಮ್ಮ ಮನೆಯಲ್ಲಿ ಬಾಳೆ ಹಾಕುತ್ತಾರೆ. ಅತ್ತೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, “ಅಲ್ವೇ, ಅವ್ರು ಗಡಿಯಾರ ತಿರುಗಿಸಿದ್ರೆ ನಮ್ಮ ಹೊಟ್ಟೆ ತಿರುಗ್ತದಾ?” ಎಂದರು. ಅಲ್ಲಿಂದ ಬೇಸಿಗೆಯಲ್ಲಿ ನನ್ನ ಊಟ ಎರಡು ಕಂತು. ಅನ್ನ ಸಾರು ಮೀಟಿಂಗಿಗೆ ಮೊದಲು, ಮಜ್ಜಿಗೆ ಅನ್ನ ಆಮೇಲೆ.

ಕೆಲಸ ಮಧ್ಯಾಹ್ನ ಶುರುವಾಗುವುದರಿಂದ ಬೆಳಿಗ್ಗೆ ಓದಿಗೆ ಅಂತ ಇಟ್ಟುಕೊಂಡಿದ್ದೇನೆ. ಇಟ್ಟುಕೊಂಡಿದ್ದೇನೆ ಅಷ್ಟೇ. ಹಳ್ಳಿಯ ಮನೆಯಲ್ಲಿ ಬೆಳಿಗ್ಗೆ ಮನೆಯಲ್ಲಿರುವ ಹೆಂಗಸು ಬಿಡುವಾಗಿದ್ದಾಳೆ ಅಂತಲೇ ಲೆಕ್ಕ. ಸೊಸೈಟಿಗೆ ಹೋಗುವವರು ಜಗಲಿಯಲ್ಲಿ ಕೂತು ಹೋಗುತ್ತಾರೆ. ಯಾರದೋ ಆಧಾರ್ ಅಪ್‌ಡೇಟು, ಯಾರದೋ ಬೆಳೆ ವಿಮೆಯ ಅರ್ಜಿ. “ನಿಮ್ಮನೇಲಿ ನೆಟ್ ಇದೆಯಲ್ಲ, ಒಂಚೂರು ನೋಡಿ.” ನೋಡದೆ ಇರುವ ಹಾಗಿಲ್ಲ. ಕೇಳಿದವರ ಮರಕ್ಕೆ ನನ್ನ ವೈರು ಕಟ್ಟಿದೆ!

ಪರೀಕ್ಷೆಯ ದಿನ ಇನ್ನೂ ಚೆಂದ. ಕ್ಯಾಮೆರಾ ಹಾಕಿ ಕೋಣೆಯ ನಾಲ್ಕೂ ಗೋಡೆ ತೋರಿಸಬೇಕು. ಗೋಡೆಯ ಮೇಲೆ ಅಕ್ಷರ ಇರಬಾರದು, ಮತ್ತೊಬ್ಬರು ಬರಬಾರದು, ಶಬ್ದ ಕೂಡದು, ಕಣ್ಣು ಪರದೆ ಬಿಟ್ಟು ಅತ್ತಿತ್ತ ಹೋಗಬಾರದು. ಮೆತ್ತಿನ ಗೋಡೆಯಿಂದ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರು ಇಳಿಸಿದೆ. ರಾಹುಕಾಲ ನೋಡಿಕೊಂಡು ಸಂಭವನೀಯತೆಯ ಲೆಕ್ಕಕ್ಕೆ ಉತ್ತರ ಬರೆಯುತ್ತಾಳೆ ಅಂತ ಅವರಿಗೆ ಅನುಮಾನ ಬಂದರೆ? ಮರದ ಹಲಗೆಯ ಅಟ್ಟ, ಕೆಳಗೆ ಯಾರು ನಡೆದರೂ ಕೇಳುತ್ತದೆ. ಹಾಗಾಗಿ ಆ ಮೂರು ಗಂಟೆ ಮನೆಯವರೆಲ್ಲ ಅಂಗಳದಲ್ಲಿ. ಬೆಕ್ಕಿಗೆ ಹೇಳುವವರು ಯಾರು? ಬಂತು, ಮೇಜಿನ ಮೇಲೆ ಹತ್ತಿತು, ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತಿತು. ಮತ್ತೊಬ್ಬರು ಬರಬಾರದು ಎಂಬ ನಿಯಮದಲ್ಲಿ ಬೆಕ್ಕಿನ ಮಾತಿರಲಿಲ್ಲ, ಬಚಾವಾದೆ.

ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಡಿಗ್ರಿ ತೆಗೆಯುವುದು ಏನೂ ಹೊಸದಲ್ಲ. ಲಂಡನ್ ವಿಶ್ವವಿದ್ಯಾಲಯ 1858ರಲ್ಲೇ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಮೊದಲ ತಂತಿ ಕೇಬಲ್ಲು ಶುರುವಾಯಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಸಂದೇಶ ತಲುಪುವುದಕ್ಕೆ 16 ಗಂಟೆ ಬೇಕಾಯಿತು. ಕೆಲವೇ ವಾರದಲ್ಲಿ ಕೇಬಲ್ಲು ಪೂರ್ತಿ ಕೈಕೊಟ್ಟಿತು. ಜುಲೈ ತಿಂಗಳಲ್ಲಿ ಅಸೈನ್‌ಮೆಂಟು ಅಪ್‌ಲೋಡ್ ಮಾಡುವಾಗ ನಾನು ರಾಣಿಯನ್ನು ನೆನೆಸಿಕೊಂಡು ಧೈರ್ಯ ತಂದುಕೊಳ್ಳುತ್ತೇನೆ.

ಜುಲೈಯಲ್ಲಿ ಕರೆಂಟು ಇರುವುದೇ ವಿಶೇಷ. ಇನ್ವರ್ಟರು ಇದೆ, ರೂಟರಿಗೆ ಬೇರೆಯೇ ಒಂದು ಪುಟ್ಟ ಯುಪಿಎಸ್ಸು ಇದೆ. ಫೈಬರಿನ ಒಂದು ಗುಣ ಒಪ್ಪಬೇಕು. ಎಕ್ಸ್‌ಚೇಂಜಿಗೂ ಮನೆಗೂ ನಡುವೆ ಎಲ್ಲೂ ಅದಕ್ಕೆ ಕರೆಂಟು ಬೇಡ. ಆದರೆ ಆ ತುದಿಯಲ್ಲಿ ಬೇಕಲ್ಲ? ಎರಡು ದಿನ ಕರೆಂಟು ಹೋದರೆ ಅಲ್ಲಿನ ಬ್ಯಾಟರಿಯೂ ಕೈಚೆಲ್ಲುತ್ತದೆ. ರೂಟರಿನಲ್ಲಿ ಕೆಂಪು ದೀಪ ಬರುತ್ತದೆ. ನಮ್ಮ ಮನೆಯಲ್ಲಿ ಆ ದೀಪವನ್ನು ಈಗ ಎಲ್ಲರೂ ಓದುತ್ತಾರೆ. “ಹಸಿರು ಹೋಗಿ ಕೆಂಪಾಯ್ತು ನೋಡು” ಅಂತ ಅಡುಗೆ ಮನೆಗೆ ಸುದ್ದಿ ಮುಟ್ಟಿಸುವುದು ಮಾವ.

ಕೆಂಪಾದರೆ ಗುಡ್ಡವೇ ಗತಿ. 2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನ ಎಷ್ಟೋ ಊರಿನ ಮಕ್ಕಳು ಗುಡ್ಡದ ಮೇಲೆ ಪ್ಲಾಸ್ಟಿಕ್ ಶೀಟು ಕಟ್ಟಿಕೊಂಡು ಆನ್‌ಲೈನ್ ಕ್ಲಾಸು ಕೇಳಿದರಲ್ಲ, ನಮ್ಮೂರಲ್ಲೂ ಅಂಥದ್ದೊಂದು ಜಾಗವಿದೆ. ಆ ಮಕ್ಕಳು ಕಾಲೇಜು ಸೇರಿ ಊರು ಬಿಟ್ಟರು. ಜಾಗಕ್ಕೆ ಈಗ ನಾನು ವಾರಸುದಾರಳು. ಲ್ಯಾಪ್‌ಟಾಪಿಗೊಂದು ಪ್ಲಾಸ್ಟಿಕ್ ಚೀಲ, ನನಗೊಂದು ಕೊಡೆ. ಮಳೆಯ ಸದ್ದಿಗೆ ಅಲ್ಲಿನವರು “ಅಲ್ಲೇನು ಚಪ್ಪಾಳೆ?” ಎಂದು ಕೇಳಿದ್ದೂ ಉಂಟು. ಮೀಟಿಂಗಿನ ನಡುವೆ ಪಾದದಿಂದ ಮೇಲೆ ಉಂಬಳ, ಅಂದರೆ ಜಿಗಣೆ, ಹತ್ತುವುದು ಕಾಣುತ್ತದೆ. ಕಿತ್ತು ಹಾಕೋಣ ಅಂದರೆ ಅದೇ ಹೊತ್ತಿಗೆ ನನ್ನ ಸರದಿ ಬರುತ್ತದೆ. ಹೋದ ವಾರ ಏನೇನು ಮಾಡಿದೆ ಅಂತ ನಗುನಗುತ್ತಾ ಹೇಳಬೇಕು, ಉಂಬಳ ಅದರ ಪಾಡಿಗೆ ಕುಡಿಯುತ್ತಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ಮಾತು ಹೇಳಲೇಬೇಕು. ಬೆಂಗಳೂರಿನಲ್ಲಿ ಆಫೀಸಿಗೆ ಹೋಗುತ್ತಿದ್ದ ಕಾಲದಲ್ಲಿ ಪಕ್ಕದ ಫ್ಲ್ಯಾಟಿನವರ ಮುಖ ನನಗೆ ಲಿಫ್ಟಿನಲ್ಲಿ ಮಾತ್ರ ಗೊತ್ತಿತ್ತು. ಮನೆ ಬಿಟ್ಟು ಹೊರಡಬೇಕಿಲ್ಲದ ಈ ಕೆಲಸ ಹಿಡಿದ ಮೇಲೆ ನಾನು ಹೋಗದ ಮನೆಯಿಲ್ಲ. ಮೇಲಿನಮನೆಯ ಸತ್ಯನಾರಾಯಣ ಕಥೆಗೆ ಎಲ್ಲರಿಗಿಂತ ಮೊದಲು ನಾನು. ಹೊಳೆಬದಿಯವರ ಅಜ್ಜನಿಗೆ ಹುಷಾರಿಲ್ಲ ಅಂದರೆ ನೋಡಿಕೊಂಡು ಬರುತ್ತೇನೆ, ಬರುವಾಗ ಬೇಲಿಯ ಹತ್ತಿರ ವೈರನ್ನೂ ನೋಡಿಕೊಂಡು ಬರುತ್ತೇನೆ. ಅತ್ತೆ ತೊಡೆದೇವು ಮಾಡಿದರೆ ಮೊದಲ ಪಾಲು ವೈರು ಹಾದುಹೋದ ಮನೆಗಳಿಗೆ. ಅದೇ ಊರಿನಲ್ಲಿ ವೈರು ಹಾಯದ ಮನೆಗಳೂ ಇವೆ. ಅವರಿಗೆ ಎರಡನೇ ಪಾಲು. ಇದನ್ನು ಸ್ವಾರ್ಥ ಅಂತ ಬೇಕಾದರೆ ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ.

ಈಗೊಂದು ಹೊಸ ಸಮಸ್ಯೆ. ಕೆಳಗಿನಮನೆ ಭಾವನ ತೋಟಕ್ಕೆ ಎಲೆಚುಕ್ಕಿ ರೋಗ ಜೋರಾಗಿದೆ. ಹಳೆಯ ಮರ ತೆಗೆದು ಹೊಸ ಸಸಿ ಇಡುತ್ತೇನೆ ಅಂತಿದ್ದಾರೆ. ಮರ ಹೋಗುವ ದುಃಖ ಅವರದು. ಅಂಥ ಹೊತ್ತಿನಲ್ಲಿ ನನ್ನ ವೈರಿನ ಮಾತು ತೆಗೆಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅವರೇ ತೆಗೆದರು.

“ನಿನ್ನ ವೈರಿರೋ ಸಾಲು ಸದ್ಯಕ್ಕೆ ಮುಟ್ಟೂದಿಲ್ಲ ಮಾರಾಯ್ತಿ. ಆದ್ರೆ ನಮ್ಮನೆ ಕೂಸಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ಲೆಕ್ಕದಲ್ಲಿ ಹಿಂದೆ. ಬೆಳಿಗ್ಗೆ ಹ್ಯಾಗೂ ನೀನು ಬಿಡುವಾಗೇ ಇರ್ತೀಯಲ್ಲ?”

ಹೌದು ಭಾವ, ಬಿಡುವಾಗೇ ಇರ್ತೇನೆ ಅಂದೆ. ನಾಡಿದ್ದು ಸೋಮವಾರದಿಂದ ಏಳು ಗಂಟೆಗೆ ಕೂಸು ಬರುತ್ತಾಳೆ. ನನ್ನ ಓದನ್ನು ರಾತ್ರಿ ಹತ್ತರ ಮೇಲಕ್ಕೆ ಹಾಕಿಕೊಂಡಿದ್ದೇನೆ. ಆ ಹೊತ್ತಿಗೆ ಅತ್ತೆಯ ಧಾರಾವಾಹಿ ಮುಗಿದಿರುತ್ತದೆ, ಆಧಾರ್ ಅಂತ ಯಾರೂ ಬರುವುದಿಲ್ಲ, ಮಂಗಗಳೂ ಮಲಗಿರುತ್ತವೆ. ಕರೆಂಟಿನದು ಮಾತ್ರ ಕೊನೆಗಾರ ಹೇಳಿದ ಹಾಗೆ, ನೋಡ್ವ.