ದುರ್ಗದಬೈಲಿನ ಚಿತ್ರಗಳು: ಕೇಳಿ ತೆಗೆಯುವುದೋ, ಕದ್ದು ತೆಗೆಯುವುದೋ?

ಹುಬ್ಬಳ್ಳಿಯ ದುರ್ಗದಬೈಲು ಬಜಾರದ ವ್ಯಾಪಾರಿಗಳ ಚಿತ್ರಗಳಿರುವ ಲೇಖನವೊಂದನ್ನು ಓದಿದೆ; ಅದರಲ್ಲಿ, ಅನುಮತಿ ಕೇಳಿದ ಕ್ಷಣವೇ ಮುಖದ ಸಹಜತೆ ಮಾಯವಾಗುತ್ತದೆ ಎಂಬ ವಾದವಿದೆ. ಅದು ಅರ್ಧ ಮಾತ್ರ ನಿಜ. ಸಂಜೆಯ ಗದ್ದಲದಲ್ಲಿ ಗಿರ್ಮಿಟ್ ಕಲಸುವವರ, ಮಿರ್ಚಿ ಕರಿಯುವವರ ಕೈಗೆ ಬಿಡುವೇ ಇರುವುದಿಲ್ಲವಾದ್ದರಿಂದ, ಮೊದಲು ಒಂದು ಪ್ಲೇಟ್ ಕೊಂಡು ತಿಂದು, ಕ್ಯಾಮೆರಾವನ್ನು ಎಲ್ಲರಿಗೂ ಕಾಣುವಂತೆ ಕೊರಳಿಗೆ ಹಾಕಿಕೊಂಡು ಹತ್ತು ನಿಮಿಷ ನಿಂತರೆ ಅವರು ನಮ್ಮನ್ನು ಮರೆತೇ ಬಿಡುತ್ತಾರೆ. ರಸ್ತೆಯಾಚೆಯಿಂದ, ದೂರದ್ದನ್ನು ಹತ್ತಿರ ತೋರಿಸುವ 200 ಮಿಮೀ ಲೆನ್ಸಿನಲ್ಲಿ ಕದ್ದು ತೆಗೆದ ಚಿತ್ರದಲ್ಲಿ ಜನಸಂದಣಿ ಮಸುಕಾಗಿ ಬರೀ ಮುಖ ಉಳಿಯುತ್ತದೆ; ಅಗಲ ನೋಟದ 28 ಅಥವಾ 35 ಮಿಮೀ ಲೆನ್ಸಿನೊಂದಿಗೆ ಹತ್ತಿರ ಹೋದರೆ ಬಾಣಲೆ, ತಕ್ಕಡಿ, ಕೈಚಾಚಿದ ಗಿರಾಕಿ ಎಲ್ಲವೂ ಕೂಡಿ ಅದು ಬಜಾರದ ಚಿತ್ರವಾಗುತ್ತದೆ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆಂರಿ ಕಾರ್ಟಿಯೆ-ಬ್ರೆಸ್ಸಾನ್ ಕೂಡ ಹೆಚ್ಚಾಗಿ ಬಳಸಿದ್ದು, ದೂರದಿಂದ ಕದಿಯಲು ಬಾರದ 50 ಮಿಮೀ ಲೆನ್ಸನ್ನೇ. (ಅವರು ಕ್ಯಾಮೆರಾದ ಹೊಳೆಯುವ ಭಾಗಗಳನ್ನು ಜನರ ಕಣ್ಣಿಗೆ ಬೀಳದಂತೆ ಕಪ್ಪು ಟೇಪಿನಿಂದ ಮುಚ್ಚುತ್ತಿದ್ದರೆಂಬುದು ನನ್ನ ವಾದಕ್ಕೆ ಅಷ್ಟೇನೂ ಅನುಕೂಲವಲ್ಲ ಎಂಬುದನ್ನೂ ಒಪ್ಪುತ್ತೇನೆ.)

ನನ್ನ ಮುಖ್ಯ ತಕರಾರು ಆ ಲೇಖನದಲ್ಲಿರುವ, ಕೊತ್ತಂಬರಿ ಸಿವುಡುಗಳ ಪಕ್ಕದಲ್ಲಿ ತೂಕಡಿಸುತ್ತಿರುವ ಅಜ್ಜಿಯ ಚಿತ್ರದ ಬಗ್ಗೆ. ಬೆಳಕು ಸೊಗಸಾಗಿದೆ, ಸಂಶಯವಿಲ್ಲ. ಆದರೆ ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ವ್ಯಕ್ತಿಯ ಖಾಸಗಿತನ ಇಲ್ಲವಾಗುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪಿನಲ್ಲಿ ಹೇಳಲಾಗಿದೆ. ಎಚ್ಚರವಿದ್ದವರು ಬೇಡವೆಂದು ಕೈಯನ್ನಾದರೂ ಅಡ್ಡ ಹಿಡಿದಾರು. ನಿದ್ದೆಯಲ್ಲಿರುವವರಿಗೆ ಆ ಅವಕಾಶವೂ ಇಲ್ಲ. ಆಕೆ ಎದ್ದ ಮೇಲೆ ಚಿತ್ರವನ್ನು ತೋರಿಸಲಾಯಿತೇ, ಒಂದು ಪ್ರತಿಯನ್ನಾದರೂ ಮುಟ್ಟಿಸಲಾಯಿತೇ ಎಂಬುದನ್ನು ಲೇಖಕರು ದಯವಿಟ್ಟು ತಿಳಿಸಬೇಕು.