ವರ್ಗ ಮಾಡ್ರೋ, ಹನ್ನೊಂದು ಪದ ಬರೀಬೇಡಿ!

ಈಗಷ್ಟೇ ಡೊಂಬಿವಲಿ ಲೋಕಲ್ ಇಳಿದೆ, ತಲೆ ಇನ್ನೂ ಬಿಸಿ ಇದೆ. ಎದುರು ಕೂತ ಹುಡುಗನ ವಹಿ ಇಣುಕಿದೆ (ಮಾಸ್ಟ್ರ ಚಾಳಿ, ನಿಮಗೆ ಗೊತ್ತಲ್ಲ). (1+√2)ರ ಹತ್ತನೇ ಘಾತ. ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ದ್ವಿಪದ ಪ್ರಮೇಯ, ಅಂದರೆ (a+b)ರ ಘಾತವನ್ನು ಪದಪದವಾಗಿ ಬಿಡಿಸುವ ಸೂತ್ರ: ಹನ್ನೊಂದು ಪದ, ಒಂದೂವರೆ ಪುಟ. ಏಳನೇ ಪದದಲ್ಲಿ ಎಡವಿ, ಠಾಣೆ ಬರುವ ಮೊದಲೇ ಎಲ್ಲ ಗೀಚಿ ಹಾಕಿದ.

ವರ್ಗ ಮಾಡಿದರೆ ಸಾಕಿತ್ತಲ್ಲ ಮಾರಾಯ್ರೇ! 1+√2ರ ವರ್ಗ 3+2√2. ಅದರ ವರ್ಗ 17+12√2. ಅದರ ವರ್ಗ 577+408√2. ಎಂಟನೇ ಘಾತ ಕೈಗೆ ಬಂತು. ಅದನ್ನು 3+2√2ರಿಂದ ಗುಣಿಸಿ: 1731+1632 ಒಂದು ಕಡೆ, 1154+1224 ಇನ್ನೊಂದು ಕಡೆ. ಉತ್ತರ 3363+2378√2. ನಾಲ್ಕೇ ಗುಣಾಕಾರ.

ಮಕ್ಕಳು ತಪ್ಪುವುದು ಒಂದೇ ಜಾಗದಲ್ಲಿ. 12√2ರ ವರ್ಗ 288. ಒಳಗಿನ 2 ಮರೆತು 144 ಬರೆಯುತ್ತಾರೆ, 577 ಹೋಗಿ 433 ಆಗುತ್ತದೆ. ಹಿಡಿಯುವುದು ಸುಲಭ: ಮೊದಲ ಸಂಖ್ಯೆಯ ವರ್ಗದಿಂದ ಎರಡನೆಯದರ ವರ್ಗದ ಇಮ್ಮಡಿ ಕಳೆಯಿರಿ. 17+12√2ಕ್ಕೆ 289−288. ಪ್ರತಿ ಹಂತದಲ್ಲೂ 1 ಬರಲೇಬೇಕು, ಬೆಸ ಘಾತವಾದರೆ −1. ಇದರ ಹಿಂದಿರುವುದು ಗಣಿತಜ್ಞ ಬ್ರಹ್ಮಗುಪ್ತನ ಭಾವನಾ, ಇಂಥ ಎರಡು ಜೋಡಿ ಸಂಖ್ಯೆ ಬೆಸೆದು ಹೊಸ ಜೋಡಿ ಮಾಡುವ ನಿಯಮ, 628ನೇ ಇಸವಿಯದು. ಹನ್ನೊಂದು ಪದದವರಿಗೆ ನಡುವೆ ಇಂಥ ತಾಳೆ ಎಲ್ಲಿದೆ?

"ಸಿಲೆಬಸ್‌ನಲ್ಲಿ ದ್ವಿಪದವೇ ಇದೆ, ಸ್ಟೆಪ್ಸ್‌ಗೆ ಮಾರ್ಕು" ಅನ್ನುತ್ತೀರಿ. ಇರಲಿ, ಅದು ಕೇಳಿದಲ್ಲಿ ಅದನ್ನೇ ಬರೆಯಿರಿ. ಬೆಲೆ ಮಾತ್ರ ಕೇಳಿದಾಗಲೂ ಅದೇ ಹಟ ಯಾಕೆ? ಇನ್ನು √2 ಅಂದರೆ 1.41 ಅಂತ ಮೊದಲೇ ಹಾಕಿ ಗುಣಿಸುವವರು ಬೇರೆ! ಹತ್ತನೇ ಘಾತಕ್ಕೆ ಬರುವಾಗ 6610ರ ಆಸುಪಾಸು ನಿಲ್ಲುತ್ತಾರೆ. ನಿಜವಾದ ಬೆಲೆ 6726ಕ್ಕೆ ಕೂದಲೆಳೆ ಕಡಿಮೆ. ಯಾಕೆಂದರೆ (1−√2)ರ ಹತ್ತನೇ ಘಾತ 3363−2378√2, ಬರೀ 0.00015ರಷ್ಟು. ಎರಡನ್ನೂ ಕೂಡಿದರೆ ಮೂಲ ಮಾಯ, ಸರಿಯಾಗಿ 6726. ಹಾಗಾಗಿ ಪೂರ್ಣಾಂಕ ಭಾಗ 6725. ಎಂಟ್ರೆನ್ಸ್‌ನಲ್ಲಿ ಕೇಳುವುದೂ ಇದನ್ನೇ, 6726 ಬರೆದು ಬರುವವರೇ ಹೆಚ್ಚು.

ಅಂದಹಾಗೆ ಆ 577, 408 ಎಲ್ಲೋ ನೋಡಿದ ಹಾಗಿಲ್ಲವೇ? ಯಜ್ಞವೇದಿಯ ಅಳತೆ ಹೇಳುವ ಪ್ರಾಚೀನ ಗ್ರಂಥ ಬೌಧಾಯನ ಶುಲ್ಬಸೂತ್ರ √2ಕ್ಕೆ ಕೊಟ್ಟ ಬೆಲೆ 1 + 1/3 + 1/12 − 1/408. ಕೂಡಿ ನೋಡಿ, 577/408. ಇದನ್ನು ಆ ಹುಡುಗನಿಗೆ ಹೇಳೋಣವೆಂದರೆ ಕಿವಿಯಲ್ಲಿ ಇಯರ್‌ಫೋನ್.

ಗುಣಾಕಾರವೂ ಬೇಜಾರೇ? ಹಾಗಾದರೆ (1+√2), (1−√2)ರ ಘಾತಗಳ ಮೊತ್ತವನ್ನೇ ಸಾಲಾಗಿ ಬರೆಯಿರಿ: ಸೊನ್ನೆ ಮತ್ತು ಒಂದನೇ ಘಾತಕ್ಕೆ 2, 2 ಎಂದು ಶುರುಮಾಡಿ, ಕೊನೆಯದರ ಇಮ್ಮಡಿಗೆ ಅದರ ಹಿಂದಿನದು ಕೂಡುತ್ತ ಹೋಗಿ: 6, 14, 34, 82, 198, 478, 1154, 2786, 6726. ಅರ್ಧ ಮಾಡಿ, ಮತ್ತದೇ 3363.